ಪರದೆಯ ಬೂಷ್ಟು ಮತ್ತು ಬಾಣಂತಿಯ ಕೋಣೆ



ಇಂದಿನ ನನ್ನ ಮಾತಿನ ವಿಷಯ ಬಹು ಅಲ್ಪವಾದುದೆಂದು ನಿಮಗೆ ತೋರಬಹುದು. ಮನೆಯ ಬಾಗಿಲಿಗೂ ಕಿಟಕಿಗೂ ಕಟ್ಟುವ ಪರದೆ, ಆ ಪರದೆಯ ಅಂಚಿನಲ್ಲಿ ಮಳೆಗಾಲದ ಕೊನೆಗೆ ಕಾಣಿಸಿಕೊಳ್ಳುವ ಕಪ್ಪು ಚುಕ್ಕೆಗಳು, ಬೂದಿಬಣ್ಣದ ಬೂಷ್ಟು, ಮೂಗಿಗೆ ಹೊಡೆಯುವ ಮುಗ್ಗಲು ವಾಸನೆ, ಇವೇ ಆ ವಿಷಯ. ಕ್ಷಯ, ರಕ್ತಹೀನತೆಗಳಂತಹ ದೊಡ್ಡ ಸಂಗತಿಗಳಿರುವಾಗ ಇದನ್ನೇಕೆ ಎತ್ತಿಕೊಂಡಿರಿ ಎಂದು ಕೆಲವರು ಕೇಳಿಯಾರು. ಪರದೆ ತೂಗುವುದು ಎಲ್ಲಿ ಎಂಬುದನ್ನು ಗಮನಿಸಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಎಲ್ಲ ಬಾಗಿಲು ಕಿಟಕಿಗಳಿಗೂ ಪರದೆಯಿರುವುದಿಲ್ಲ. ಹಳೆಯ ಸೀರೆಯನ್ನೋ ದುಪ್ಪಟಿಯನ್ನೋ ಹರಿದು ಒಂದೇ ಒಂದು ಪರದೆ ಮಾಡಿದ್ದರೆ, ಅದನ್ನು ಬಹುಮಟ್ಟಿಗೆ ಬಾಣಂತಿಯ ಕೋಣೆಗೇ ಕಟ್ಟಿರುತ್ತಾರೆ. ಹುಟ್ಟಿ ಹತ್ತು ದಿನವೂ ಆಗದ ಕೂಸು ಹಗಲೂ ರಾತ್ರಿಯೂ ಉಸಿರಾಡುವುದು ಆ ಪರದೆಯ ಒಳಗಿನ ಗಾಳಿಯನ್ನೇ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳೂ ಮಲೆನಾಡಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆ. ಆದುದರಿಂದ ಬೂಷ್ಟೆಂಬುದು ಸಾಗರ, ತೀರ್ಥಹಳ್ಳಿಗಳವರ ಕಷ್ಟ, ನಮ್ಮದಲ್ಲ ಎಂಬ ಭಾವನೆ ಇಲ್ಲಿ ಬೇರೂರಿದೆ. ಆದರೆ ನಮ್ಮ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಎಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಬೀಳುತ್ತದೆ. ಅದು ನಿಲ್ಲುವಷ್ಟರಲ್ಲಿ ಚಳಿಗಾಲ ಕಾಲಿಡುತ್ತದೆ. ಗೋಡೆ ಕುಡಿದ ನೀರು ಆರುವುದಕ್ಕೆ ಬಿಸಿಲಿನ ಕಾವು ಸಾಲದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ ವರ್ಷಗಳಲ್ಲಂತೂ ಕೇಳುವುದೇ ಬೇಡ. 2021ರ ನವೆಂಬರ್ ತಿಂಗಳ ಜಡಿಮಳೆಯನ್ನು ನೀವು ಮರೆತಿರಲಾರಿರಿ. ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳೆತದ್ದನ್ನು ಎಲ್ಲರೂ ನೋಡಿದರು. ಅದೇ ತೇವದಿಂದ ಮನೆಯೊಳಗೆ ಬಟ್ಟೆಯೂ ಗೋಡೆಯೂ ಬೂಷ್ಟು ಹಿಡಿದುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೂಷ್ಟು ಎಂದರೇನು? ಅದು ಕೊಳೆಯಲ್ಲ, ಒಂದು ಜೀವಿ. ಅಣಬೆಯ ಬಳಗಕ್ಕೆ ಸೇರಿದ ಇದನ್ನು ಶಿಲೀಂಧ್ರವೆನ್ನುತ್ತಾರೆ. ಇದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು ಎಲ್ಲೆಡೆಯ ಗಾಳಿಯಲ್ಲೂ ತೇಲುತ್ತಿರುತ್ತವೆ. ಅವುಗಳನ್ನು ಮನೆಯೊಳಗೆ ಬಾರದಂತೆ ತಡೆಯಲು ಯಾರಿಂದಲೂ ಸಾಧ್ಯವಿಲ್ಲ. ಒಣಗಿದ ಬಟ್ಟೆಯ ಮೇಲೆ ಕುಳಿತರೆ ಅವು ಹಾಗೆಯೇ ಬಿದ್ದಿರುತ್ತವೆ. ತೇವ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಮೊಳೆತು ನೂಲೆಳೆಯಂತೆ ಹರಡಿ, ಮತ್ತೆ ಲಕ್ಷಾಂತರ ಬೀಜಕಣಗಳನ್ನು ಗಾಳಿಗೆ ಬಿಡುತ್ತವೆ. ಹತ್ತಿಯ ಬಟ್ಟೆ ಅವಕ್ಕೆ ಆಹಾರವೇ ಸರಿ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋದ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳೂ ಉಡುಪುಗಳೂ ಅಲ್ಲಿನ ತೇವದಲ್ಲಿ ಶಿಲೀಂಧ್ರಕ್ಕೆ ತುತ್ತಾಗಿ ಜೀರ್ಣವಾಗಿ ಹೋದವು. ಇದರ ಕಾರಣ ಹುಡುಕಲು ಆ ಸರ್ಕಾರ ವಿಜ್ಞಾನಿಗಳನ್ನೇ ನೇಮಿಸಬೇಕಾಯಿತು. ಟೆರಿಲಿನ್, ಪಾಲಿಯೆಸ್ಟರ್ ಪರದೆಗಳನ್ನು ಬೂಷ್ಟು ತಿನ್ನಲಾರದು. ಆದರೆ ಅವುಗಳ ಮೇಲೆ ಕುಳಿತ ಧೂಳು, ಕೈಯ ಜಿಡ್ಡು, ಅಡುಗೆಯ ಎಣ್ಣೆಯ ಅಂಟು ಇವುಗಳನ್ನು ತಿಂದು ಬೆಳೆಯುತ್ತದೆ. ಗಂಜಿ ಹಾಕಿದ ಪರದೆಯಾದರೆ ಅದಕ್ಕೆ ಔತಣವೇ ಆಯಿತು.

ನಮ್ಮ ಸೀಮೆಯ ರೇಷ್ಮೆ ಬೆಳೆಗಾರರಿಗೆ ಈ ಸಂಗತಿಯನ್ನು ನಾನು ವಿವರಿಸಬೇಕಾದುದೇ ಇಲ್ಲ. ವಿಜಯಪುರದ ಗೂಡಿನ ಮಾರುಕಟ್ಟೆಗೆ ಹೋಗಿ ಬರುವ ಪ್ರತಿಯೊಬ್ಬರಿಗೂ ಸುಣ್ಣಕಟ್ಟು ರೋಗವೆಂದರೇನೆಂದು ಗೊತ್ತು. ಮಳೆ ಮತ್ತು ಚಳಿಯ ದಿನಗಳಲ್ಲಿ ಹುಳು ಮೇವು ಬಿಟ್ಟು, ಸತ್ತು, ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ, ಮೈಮೇಲೆ ಬಿಳಿಯ ಪುಡಿ ಹೊರಬರುತ್ತದೆ. ಆ ಬಿಳಿಯ ಪುಡಿಯೇ ಶಿಲೀಂಧ್ರದ ಬೀಜಕಣ. ಇಟಲಿ ದೇಶದ ಅಗೊಸ್ಟಿನೊ ಬಾಸ್ಸಿ ಎಂಬಾತ ಬಹು ವರ್ಷಗಳ ಕಾಲ ಈ ರೋಗವನ್ನು ಅಭ್ಯಸಿಸಿ, ಇದು ಶಾಪವಲ್ಲ, ದೃಷ್ಟಿಯಲ್ಲ, ಒಂದು ಸೂಕ್ಷ್ಮಜೀವಿಯ ಕೆಲಸವೆಂದು 1835ರಲ್ಲಿ ಪ್ರಕಟಿಸಿದನು. ಸೂಕ್ಷ್ಮಜೀವಿಯಿಂದ ಪ್ರಾಣಿಗಳಿಗೆ ರೋಗ ಬರುತ್ತದೆಂದು ಮೊದಲು ತೋರಿಸಿಕೊಟ್ಟವರಲ್ಲಿ ಆತನೂ ಒಬ್ಬ. ಪಾಶ್ಚರನು ತನ್ನ ಕೆಲಸ ಆರಂಭಿಸಿದುದು ಅನಂತರ. ರೇಷ್ಮೆ ಹುಳುವಿನ ರೋಗದಿಂದ ಮನುಷ್ಯರ ವೈದ್ಯಶಾಸ್ತ್ರಕ್ಕೆ ಇಂತಹ ಉಪಕಾರವಾಯಿತೆಂಬುದು ಬಹು ಜನರಿಗೆ ತಿಳಿಯದು.

ಆ ರೋಗ ಬಾರದಿರಲೆಂದು ನೀವು ಏನೇನು ಮಾಡುತ್ತೀರಿ? ಪ್ರತಿ ಬೆಳೆ ಮುಗಿದೊಡನೆ ಹುಳುಮನೆಯನ್ನೂ ತಟ್ಟೆಗಳನ್ನೂ ತೊಳೆದು, ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುತ್ತೀರಿ. ಮೋಡ ಕವಿದ ದಿನ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ಎಳೆಯುತ್ತೀರಿ. ಗವಾಕ್ಷಿ ತೆರೆದು ಗಾಳಿಯಾಡಿಸುತ್ತೀರಿ. ಸತ್ತ ಹುಳುವನ್ನು ಬೆಳ್ಳಗಾಗುವ ಮುನ್ನವೇ ಆರಿಸಿ ಸುಡುತ್ತೀರಿ. ಗೋಡೆಗೆ ತಾಪಮಾಪಕ ತೂಗುಹಾಕಿ ದಿನಕ್ಕೆ ಮೂರು ಬಾರಿ ನೋಡುವವರೂ ಇದ್ದಾರೆ. ಆದರೆ ಅದೇ ಮನೆತನದ ಬಾಣಂತಿಯ ಕೋಣೆಯಲ್ಲಿ ಕಿಟಕಿಯನ್ನು ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಬಾಗಿಲಿಗೆ ದಪ್ಪ ಪರದೆ ಕಟ್ಟಿ, ಒಳಗೆ ಅಗ್ಗಿಷ್ಟಿಕೆ ಇಟ್ಟು, ಕೂಸಿನ ಒದ್ದೆ ಬಟ್ಟೆಗಳನ್ನು ಅದರ ಮೇಲಿನ ಹಗ್ಗಕ್ಕೆ ಹರವಿರುವುದನ್ನು ಎಷ್ಟೋ ಕಡೆ ಕಾಣಬಹುದು. ಹುಳುವಿಗೆ ಸಲ್ಲುವ ಉಪಚಾರ ಹಸುಗೂಸಿಗೆ ಸಲ್ಲಬಾರದೆ? ನನ್ನ ಮಾತು ಕಟುವಾದರೆ ಮನ್ನಿಸಬೇಕು.

ಇದರಲ್ಲಿ ಹಿರಿಯರನ್ನು ಹಳಿಯುವ ಉದ್ದೇಶ ನನಗಿಲ್ಲ. ಹುಟ್ಟಿದ ಮಗುವಿಗೆ ಥಂಡಿ ತಗುಲಬಾರದೆಂಬ ಅಜ್ಜಿಯರ ಮಾತು ನಿಜ. ನವಜಾತ ಶಿಶುವಿನ ಮೈ ಬೇಗ ತಣ್ಣಗಾಗುತ್ತದೆ, ಅದರಿಂದ ಅಪಾಯವೂ ಉಂಟು. ಆದರೆ ಮಗುವನ್ನು ಬೆಚ್ಚಗಿಡುವುದು ಒಂದು, ಗಾಳಿಯನ್ನು ಕಟ್ಟಿಹಾಕುವುದು ಮತ್ತೊಂದು. ಮಗುವನ್ನು ಬೆಚ್ಚಗಿಡಲು ತಾಯಿಯ ಎದೆಗಿಂತ ಮಿಗಿಲಾದ ಸಾಧನವಿಲ್ಲ. ಮೈಗೆ ಮೈ ತಾಗುವಂತೆ ಒರಗಿಸಿಕೊಂಡು, ತಲೆಗೆ ಕುಲಾವಿ, ಕಾಲಿಗೆ ಚೀಲ ತೊಡಿಸಿ, ಮೇಲೆ ಒಣಗಿದ ಬಟ್ಟೆ ಹೊದಿಸಿದರೆ ಸಾಕು. ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆಯ ಕೆಂಡದಿಂದ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಾನಿಲ ಹೊರಡುತ್ತದೆ. ಅದು ನಿದ್ದೆಯಲ್ಲಿರುವವರ ಪ್ರಾಣವನ್ನೇ ತೆಗೆಯಬಲ್ಲುದು. ಇನ್ನು ಒದ್ದೆ ಬಟ್ಟೆಯ ಮಾತು. ಕೈಯಲ್ಲಿ ಹಿಂಡಿದ ಹತ್ತಿಯ ಬಟ್ಟೆಯಲ್ಲಿ ಹೆಚ್ಚುಕಡಿಮೆ ಅದರ ತೂಕದಷ್ಟೇ ನೀರು ಉಳಿದಿರುತ್ತದೆ. ಅದು ಒಣಗಿತೆಂದರೆ ಆ ನೀರೆಲ್ಲ ಕೋಣೆಯ ಗಾಳಿಗೆ ಸೇರಿತೆಂದೇ ಅರ್ಥ. ರಾತ್ರಿ ಗೋಡೆ ತಣ್ಣಗಾದಾಗ ಅದೇ ನೀರು ಗೋಡೆಯ ಮೇಲೂ ಪರದೆಯ ಮಡಿಕೆಗಳಲ್ಲೂ ಬೆವರಿನಂತೆ ಕುಳಿತುಕೊಳ್ಳುತ್ತದೆ. ಬೂಷ್ಟಿಗೆ ಬೇಕಾದುದು ಇಷ್ಟೇ.

ಬೂಷ್ಟಿನಿಂದ ಏನು ಹಾನಿ ಎಂಬುದನ್ನು ಇದ್ದುದು ಇದ್ದಂತೆ ಹೇಳುತ್ತೇನೆ. ಗಟ್ಟಿಮುಟ್ಟಾದ ದೊಡ್ಡವರಿಗೆ ಬಹುಪಾಲು ಏನೂ ಆಗುವುದಿಲ್ಲ, ಹೆಚ್ಚೆಂದರೆ ಸೀನು ಬಂದೀತು. ಆದರೆ ಉಬ್ಬಸವಿರುವವರು, ಅಲರ್ಜಿಯ ಮೈಯವರು, ಮುದುಕರು ಮತ್ತು ಎಳೆಯ ಮಕ್ಕಳು ಇದರಿಂದ ಬಾಧೆಗೊಳಗಾಗುತ್ತಾರೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಗೊರಗೊರ ಉಸಿರು, ಉಬ್ಬಸ ಇವು ಹೆಚ್ಚಾಗಿ ಕಾಣುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ಯಾವ ಜಾತಿಯ ಬೂಷ್ಟು, ಎಷ್ಟು ಪ್ರಮಾಣ ಎಂದು ಅಳೆಯುತ್ತ ಕೂರುವುದಕ್ಕಿಂತ ತೇವವನ್ನೇ ನಿವಾರಿಸುವುದು ಮುಖ್ಯ ಎಂಬುದು ಅದರ ತಿರುಳು.

ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ 2020ರ ಡಿಸೆಂಬರ್ ತಿಂಗಳಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಬಾಡಿಗೆ ಮನೆಯ ಬೂಷ್ಟನ್ನು ಬಹುಕಾಲ ಉಸಿರಾಡಿದುದರಿಂದ ಶ್ವಾಸಾಂಗ ಕೆಟ್ಟು ಮರಣವುಂಟಾಯಿತೆಂದು 2022ರಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ತಂದೆ ವರ್ಷಗಳ ಕಾಲ ದೂರಿತ್ತಿದ್ದರು. ಬೂಷ್ಟಿನ ಮೇಲೆ ಬಣ್ಣ ಬಳಿಯಿರಿ ಎಂಬುದೇ ಅವರಿಗೆ ದೊರೆತ ಸಲಹೆ. ಆ ಮಗುವಿನ ಹೆಸರಿನಿಂದಲೇ ಜನ ಕರೆಯುವ ಕಾನೂನೊಂದು 2023ರಲ್ಲಿ ಅಲ್ಲಿ ಬಂದಿತು. ಇಂತಹ ಮರಣ ಬಹು ವಿರಳ, ಇದನ್ನು ಕೇಳಿ ನೀವು ಹೆದರಬೇಕಾಗಿಲ್ಲ. ಆದರೆ ತೇವವಿರುವ ಗೋಡೆಗೆ ಡಿಸ್ಟೆಂಪರ್ ಬಳಿದು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲೂ ಇದೆ ಎಂಬುದನ್ನು ನೆನೆಯಬೇಕು.

ಇನ್ನೊಂದು ಅಂಜಿಕೆಯನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. 2021ರಲ್ಲಿ ಕೋವಿಡ್ ರೋಗದ ಎರಡನೆಯ ಅಲೆಯ ಹಿಂದೆಯೇ ‘ಕಪ್ಪು ಶಿಲೀಂಧ್ರ’ ಎಂಬ ಮಾತು ಮನೆಮನೆಗೂ ಮುಟ್ಟಿತು. ಪರದೆಯ ಮೇಲಿನ ಕಪ್ಪು ಚುಕ್ಕೆ ಆ ರೋಗವಲ್ಲ. ಮ್ಯೂಕರ್‌ಮೈಕೋಸಿಸ್ ಎಂಬ ಆ ಕಾಯಿಲೆಯನ್ನು ತರುವ ಶಿಲೀಂಧ್ರವೇ ಬೇರೆ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯುಳ್ಳವರು, ಸ್ಟೀರಾಯ್ಡ್ ಔಷಧಿಯನ್ನು ಹೆಚ್ಚಾಗಿ ತೆಗೆದುಕೊಂಡವರು, ಇಂತಹವರಿಗೇ ಅದು ಬಹುಮಟ್ಟಿಗೆ ತಗುಲಿತು. ಸತ್ತ ಅಂಗಾಂಶ ಕಪ್ಪಾಗುವುದರಿಂದ ಆ ಹೆಸರು ಬಂದಿತೇ ಹೊರತು ಬೂಷ್ಟಿನ ಬಣ್ಣದಿಂದಲ್ಲ.

ಈಗ ಕೆಲಸದ ಮಾತಿಗೆ ಬರೋಣ. ಬೂಷ್ಟು ಹಿಡಿದ ಪರದೆಯನ್ನು ಯಾರು ಇಳಿಸಬೇಕು? ಗರ್ಭಿಣಿಯೂ ಅಲ್ಲ, ಬಾಣಂತಿಯೂ ಅಲ್ಲ, ಉಬ್ಬಸವಿರುವ ಅತ್ತೆಯೂ ಅಲ್ಲ. ಇದು ಮನೆಯ ಯಜಮಾನನ ಕೆಲಸ. ಬಟ್ಟೆ ಒಗೆಯುವುದು ಹೆಂಗಸರ ಪಾಲಿನದೆಂದು ಪಕ್ಕಕ್ಕೆ ಸರಿಯುವ ಗಂಡಸರು ಹುಳುಮನೆಯ ಪರದೆಯನ್ನು ತಾವೇ ಇಳಿಸಿ ತೊಳೆಯುವುದನ್ನು ನಾನು ಬಲ್ಲೆ. ಮೂಗು ಬಾಯಿಗೆ ಮಾಸ್ಕನ್ನು, ಅದಿಲ್ಲದಿದ್ದರೆ ವಸ್ತ್ರವನ್ನಾದರೂ ಕಟ್ಟಿಕೊಂಡು, ತಾಯಿ ಮಗುವನ್ನು ಬೇರೆ ಕೋಣೆಗೆ ಕಳುಹಿಸಿ, ಪರದೆಯನ್ನು ಕೊಡವದೆ ಮೆಲ್ಲನೆ ಮಡಚಿಕೊಂಡು ಹಿತ್ತಲಿಗೆ ಒಯ್ಯಬೇಕು. ಒಳಗೆ ಕೊಡವಿದರೆ ಬೀಜಕಣಗಳೆಲ್ಲ ಹಾಸಿಗೆಯ ಮೇಲೆ ಬೀಳುತ್ತವೆ. ಹೊರಗೆ ಬಿಸಿಲಿನಲ್ಲಿ ಹರವಿ, ಒಣಗಿದ ಮೇಲೆ ಗಾಳಿಯ ಕಡೆಗೆ ಬೆನ್ನು ಮಾಡಿ ಬ್ರಷ್ಷಿನಿಂದ ಉಜ್ಜಿ ಬೂಷ್ಟನ್ನು ಉದುರಿಸಬೇಕು. ಅನಂತರ ಬಟ್ಟೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಸೋಪಿನ ಪುಡಿ ಕದಡಿ ಅರ್ಧ ಗಂಟೆ ನೆನೆಸಿ ಒಗೆಯಬೇಕು. ಹತ್ತಿಯ ಬಟ್ಟೆಗೆ ಒಂದು ಹಿಡಿ ವಾಷಿಂಗ್ ಸೋಡಾ ಸೇರಿಸಿದರೆ ಮೇಲು.

ಬಿಳಿಯ ಹತ್ತಿಯ ಪರದೆಯಾದರೆ ಬ್ಲೀಚಿಂಗ್ ಪುಡಿಯನ್ನು ಬಳಸಬಹುದು. ಹತ್ತು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಾಕು. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಗಸಿ ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಕೀಟಿಗೆ ಬಗ್ಗಿಸಬೇಕು. ಗಸಿ ಬಟ್ಟೆಗೆ ತಾಗಿದರೆ ತೂತು ಬೀಳುತ್ತದೆ. ಕಾಲು ಗಂಟೆ ನೆನೆಸಿ, ಎರಡು ಮೂರು ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹಾಕುವುದು. ಬಣ್ಣದ ಬಟ್ಟೆಗೆ, ರೇಷ್ಮೆಗೆ, ಉಣ್ಣೆಗೆ ಇದು ಸಲ್ಲದು. ಇವಕ್ಕೆ ಕಲೆಯ ಮೇಲೆ ನಿಂಬೆರಸ, ಉಪ್ಪು ತಿಕ್ಕುವ ಹಳೆಯ ಪದ್ಧತಿಯಿದೆ. ಬಟ್ಟೆಯ ಮೂಲೆಯಲ್ಲಿ ಮೊದಲು ಪರೀಕ್ಷಿಸಿ ಮಾಡಬಹುದು. ಆದರೆ ನಿಂಬೆರಸವನ್ನಾಗಲಿ, ಹುಳಿಯ ಇನ್ನಾವುದನ್ನೇ ಆಗಲಿ, ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ ಬ್ಲೀಚಿಂಗ್ ಪುಡಿಯೊಡನೆ ಎಂದೆಂದಿಗೂ ಬೆರೆಸಕೂಡದು. ಬೆರೆಸಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ.

ರೈತರ ಮನೆಗಳಲ್ಲಿ ಮತ್ತೊಂದು ಅಪಾಯವುಂಟು. ಹುಳುಮನೆಗೆ ತಂದ ಫಾರ್ಮಲಿನ್ ಮಿಕ್ಕಿರುತ್ತದೆ. ದ್ರಾಕ್ಷಿ ತೋಟದವರ ಬಳಿ ಬೂಜು ತುಪ್ಪಟ ರೋಗಕ್ಕೆ ಹೊಡೆಯುವ ಮೈಲುತುತ್ತವೋ ಇನ್ನಾವುದೋ ಶಿಲೀಂಧ್ರನಾಶಕವೋ ಇರುತ್ತದೆ. ಅದೂ ಬೂಷ್ಟೇ, ಇದೂ ಬೂಷ್ಟೇ, ಅಲ್ಲಿ ಕೊಲ್ಲುವ ಔಷಧಿ ಇಲ್ಲಿಯೂ ಕೊಲ್ಲದೆ ಎಂದು ಮನೆಯ ಪರದೆಗೋ ಗೋಡೆಗೋ ಸಿಂಪಡಿಸಕೂಡದು. ಬೂಷ್ಟು ಸತ್ತೀತು ನಿಜ, ಆದರೆ ಆ ವಿಷವನ್ನು ಉಸಿರಾಡುವವರು ನಿಮ್ಮ ಮಕ್ಕಳು.

ಒಗೆದ ಪರದೆಯಲ್ಲಿ ಕಪ್ಪು ಕಲೆ ಉಳಿದರೆ ಚಿಂತೆಯಿಲ್ಲ, ಕಲೆಯಿಂದ ಕಾಯಿಲೆ ಬಾರದು. ಮುಗ್ಗಲು ವಾಸನೆ ಉಳಿದಿದ್ದರೆ ಮಾತ್ರ ಇನ್ನೊಮ್ಮೆ ಒಗೆಯಬೇಕು. ಮುಟ್ಟಿದರೆ ಹರಿಯುವಷ್ಟು ಬಟ್ಟೆ ಜೀರ್ಣವಾಗಿದ್ದರೆ ಸುಟ್ಟುಬಿಡುವುದು ಲೇಸು. ಅದನ್ನೇ ಕತ್ತರಿಸಿ ಕೂಸಿಗೆ ಹಾಸುವ ಜಿಪುಣತನ ಬೇಡ.

ಇಷ್ಟಾದರೂ ಮುಂದಿನ ಹುಣ್ಣಿಮೆಯೊಳಗೆ ಪರದೆ ಮತ್ತೆ ಬೂಷ್ಟು ಹಿಡಿಯಿತೆನ್ನಿ. ಆಗ ತಪ್ಪು ಪರದೆಯದಲ್ಲ, ಒಗೆದವರದೂ ಅಲ್ಲ, ಗೋಡೆಯದು. ಪರದೆಯ ಯಾವ ಭಾಗ ಬೂಷ್ಟು ಹಿಡಿದಿದೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಕೆಳಗಿನ ಅಂಚಾದರೆ ನೆಲದ ತೇವ. ಅಂಚನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಹೊಲಿದುಕೊಳ್ಳಬೇಕು, ಹೊರಗಡೆ ಗೋಡೆಗೆ ಒತ್ತಿಕೊಂಡು ತಿಪ್ಪೆಯೋ ಮಣ್ಣಿನ ರಾಶಿಯೋ ಇದೆಯೇ ನೋಡಬೇಕು. ಕೊಟ್ಟಿಗೆಯ ಗಂಜಲ, ಬಚ್ಚಲಿನ ನೀರು ತಳಪಾಯದ ಬುಡದಲ್ಲಿ ಇಂಗುತ್ತಿದ್ದರೆ ಅದಕ್ಕೊಂದು ಕಾಲುವೆ ತೋಡಿ ದೂರ ಹರಿಸಬೇಕು. ಮೇಲಿನ ಭಾಗವಾದರೆ ಸೂರಿನ ಸೋರಿಕೆ. ಕಲ್ಲು ಚಪ್ಪಡಿಯ ಮನೆಗಳಲ್ಲಿ ಚಪ್ಪಡಿಗಳ ನಡುವಣ ಸಂದಿ ಬಾಯಿ ಬಿಟ್ಟಿರುತ್ತದೆ, ತಾರಸಿ ಮನೆಯಲ್ಲಿ ನೀರಿನ ತೊಟ್ಟಿ ಒಸರುತ್ತಿರುತ್ತದೆ, ಹೆಂಚಿನ ಮನೆಯಲ್ಲಿ ಕೋತಿಗಳ ಕೃಪೆಯಿಂದ ಹೆಂಚು ಸರಿದಿರುತ್ತದೆ. ಮುಂಗಾರಿಗೆ ಮುನ್ನ ಇವನ್ನು ಸರಿಪಡಿಸಿಕೊಳ್ಳುವುದು ಗೃಹಸ್ಥನ ಹೊಣೆ. ನಡುಭಾಗದ ಮಡಿಕೆಗಳಲ್ಲಿ ಬೂಷ್ಟಿದ್ದರೆ ಅದು ಕಟ್ಟಿಹಾಕಿದ ಗಾಳಿಯ ಗುರುತು.

ಗೋಡೆಗೆ ಸುಣ್ಣಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಸುಣ್ಣದ ಕ್ಷಾರಗುಣ ಬೂಷ್ಟಿಗೆ ಆಗದು. ಅದು ಗೋಡೆಯ ತೇವವನ್ನು ಆರಗೊಡುತ್ತದೆ, ಬೆಲೆಯೂ ಅಗ್ಗ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರು ಕಾರಣ ಹೇಳದಿದ್ದರೂ ಕೆಲಸ ಸರಿಯಾಗಿಯೇ ಮಾಡಿದ್ದರು. ಗೋಡೆಯಲ್ಲಿ ನೀರಿರುವಾಗಲೇ ಎಣ್ಣೆಬಣ್ಣ ಬಳಿದರೆ ಅದು ಗುಳ್ಳೆಯೆದ್ದು ಉದುರುತ್ತದೆ. ಪೆಟ್ಟಿಗೆ, ಬೀರು, ಮೂಟೆಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಟ್ಟರೆ ಹಿಂದೆ ಗಾಳಿಯಾಡುತ್ತದೆ.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಗಾಳಿ ಒಣಗಿದ್ದರೆ ಎಳೆ ಹರಿಯುತ್ತದೆಂದು ನೀವು ಕಿಟಕಿ ಮುಚ್ಚುತ್ತೀರಿ. ಅದು ನಿಮ್ಮ ಅನ್ನದ ಪ್ರಶ್ನೆ, ತೆರೆಯಿರಿ ಎಂದು ನಾನು ಹೇಳಲಾರೆ. ಆದರೆ ಮಗ್ಗದ ಕೋಣೆಗೂ ಮಲಗುವ ಕೋಣೆಗೂ ನಡುವೆ ಬರಿಯ ಪರದೆಯಿದ್ದರೆ ಮಗ್ಗದ ತೇವವೂ ನೂಲಿನ ಧೂಳೂ ಮಗುವಿನ ತೊಟ್ಟಿಲನ್ನು ಮುಟ್ಟುತ್ತವೆ. ಅಲ್ಲಿ ಪರದೆಗೆ ಬದಲು ಒಂದು ಬಾಗಿಲು ಬೇಕು, ಹಲಗೆಯದಾದರೂ ಸರಿ. ಅದಾಗದಿದ್ದರೆ ತೊಟ್ಟಿಲನ್ನು ಮಗ್ಗದಿಂದ ದೂರದ, ಕಿಟಕಿಯಿರುವ ಕೋಣೆಗೆ ಸಾಗಿಸಿರಿ.

ಬಾಣಂತಿಯ ಕೋಣೆಯನ್ನು ಹೇಗೆ ಸಿದ್ಧಪಡಿಸಬೇಕು? ಸೀಮಂತದ ತಿಂಗಳಲ್ಲಿಯೇ ಗೋಡೆಗೆ ಸುಣ್ಣ ಬಳಿಸಿ, ಪರದೆ ಒಗೆದು, ಕಿಟಕಿಯ ಚಿಲುಕ ಸರಾಗವಾಗಿ ತೆರೆಯುವಂತೆ ಮಾಡಿಸಿಕೊಳ್ಳಿರಿ. ಪರದೆ ತೆಳುವಾದ ಹತ್ತಿಯ ಬಟ್ಟೆಯದಾಗಿರಲಿ, ಗಂಜಿ ಬೇಡ. ಎರಡು ಜೊತೆಯಿದ್ದರೆ ಹದಿನೈದು ದಿನಕ್ಕೊಮ್ಮೆ ಬದಲಾಯಿಸಬಹುದು. ಮಂಚವನ್ನು ಕಿಟಕಿಯ ನೇರಕ್ಕಿಡದೆ ಪಕ್ಕಕ್ಕಿಡಿ. ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ, ಹೊರಗೆ ಬೆಚ್ಚಗಿರುವ ಹೊತ್ತಿನಲ್ಲಿ, ಕಿಟಕಿ ತೆರೆದು ಪರದೆಯನ್ನು ಪೂರ್ತಿ ಸರಿಸಿಬಿಡಿ. ಮಗುವಿನ ಬಟ್ಟೆ ಹೊರಗೆ ಬಿಸಿಲಿನಲ್ಲಿ ಒಣಗಲಿ. ಮಳೆ ಹಿಡಿದ ದಿನ ಪಡಸಾಲೆಯಲ್ಲೋ ಜಗುಲಿಯ ಮಾಡಿನ ಕೆಳಗೋ ಹಗ್ಗ ಕಟ್ಟಿರಿ. ಅತ್ತೆಯವರು ಒಪ್ಪದಿದ್ದರೆ ಸೊಸೆ ಒಬ್ಬಳೇ ವಾದಿಸುವಂತಾಗಬಾರದು. ಆ ಮಾತನ್ನು ಮಗನೇ ತನ್ನ ತಾಯಿಗೆ ಹೇಳಬೇಕು. ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಅವರಿಗೆ ಕೋಣೆಯನ್ನು ತೋರಿಸಿ, ಅವರ ಎದುರಿಗೇ ಅಜ್ಜಿಯವರೊಡನೆ ಮಾತನಾಡಿದರೆ ಮನಸ್ತಾಪವಿಲ್ಲದೆ ಕೆಲಸ ನಡೆಯುತ್ತದೆ.

ಕಡೆಯದಾಗಿ, ಮಗುವಿನ ಉಸಿರನ್ನು ಎಣಿಸುವುದನ್ನು ತಂದೆ ತಾಯಿ ಇಬ್ಬರೂ ಕಲಿತುಕೊಳ್ಳಬೇಕು. ಮಗು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತವನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೇದಿಕೊಂಡರೆ, ಮೊಲೆ ಕುಡಿಯುವುದನ್ನು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಹೊತ್ತು ಕಾಯದೆ 108ಕ್ಕೆ ಕರೆ ಮಾಡಿರಿ. ಮೂಗಿಗೆ ಎಣ್ಣೆ ಬಿಡುವುದು, ಎದೆಗೆ ಬರೆ ಹಾಕುವುದು, ಸಾಂಬ್ರಾಣಿಯ ಹೊಗೆ ಹಿಡಿಯುವುದು, ಇವು ಯಾವುವೂ ಬೇಡ. ಉಬ್ಬಸವಿರುವ ದೊಡ್ಡ ಮಕ್ಕಳಿಗೆ ವೈದ್ಯರು ಸೇದುವ ಔಷಧಿ ಬರೆದುಕೊಟ್ಟರೆ, ಅದು ಚಟವಾಗುತ್ತದೆಂಬ ಊರ ಮಾತಿಗೆ ಕಿವಿಗೊಟ್ಟು ನಿಲ್ಲಿಸಬಾರದು. ವೈದ್ಯರ ಬಳಿ ಹೋದಾಗ ಮನೆಯ ಗೋಡೆ ತೇವವಿದೆ, ಪರದೆ ಬೂಷ್ಟು ಹಿಡಿಯುತ್ತದೆ ಎಂಬುದನ್ನೂ ಮರೆಯದೆ ತಿಳಿಸಿರಿ. ಅವರು ಕೇಳದಿದ್ದರೂ ನೀವಾಗಿಯೇ ಹೇಳಿರಿ.

ಬ್ಲೀಚಿಂಗ್ ಪುಡಿಯ ಅಳತೆಯನ್ನಾಗಲಿ, ಉಸಿರು ಎಣಿಸುವ ಕ್ರಮವನ್ನಾಗಲಿ ಇನ್ನೊಮ್ಮೆ ನೋಡಬೇಕೆನ್ನುವವರು ಈಗ ಮುಂದೆ ಬರಬಹುದು, ಮಾಡಿ ತೋರಿಸುತ್ತೇನೆ.